ಹೆಬ್ಬೆಟ್ಟಿನ ಪಕ್ಕ ಯಾರಿದ್ದರು?

ನಮ್ಮ ಜೊತೆ ಪಿಯುಸಿ ಓದಿದ ಮೂವರು ಬಿ.ಫಾರ್ಮಾ ಮುಗಿಸಿ ಬೆಂಗಳೂರಿನಲ್ಲಿದ್ದಾರೆ. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಆಸ್ಪತ್ರೆಗಳಿಗೆ ಹೋಗಿ, ಎಲ್ಲ ನಿಯಮದಂತೆ ನಡೆದಿದೆಯೇ ಎಂದು ನೋಡುವುದು ಅವರ ಕೆಲಸ. ಅವರನ್ನು ಕ್ಲಿನಿಕಲ್ ಟ್ರಯಲ್ ಮಾನಿಟರ್ ಎನ್ನುತ್ತಾರೆ. ಈಗ ಊರಿಗೆ ಬಂದಾಗಲೆಲ್ಲ ಒಂದೇ ಮಾತು: "ಎಐ ಬಂದಿದೆ ಕಣ್ರೋ, ನಮ್ಮ ಕೆಲಸ ಉಳಿಯುತ್ತಾ?"

ಭಯ ಸುಳ್ಳಲ್ಲ. ಕೇಸ್ ಶೀಟಿನಲ್ಲಿರುವ ಬಿಪಿ, ಶುಗರ್ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದ್ದರ ಜೊತೆ ಒಂದೊಂದಾಗಿ ತಾಳೆ ನೋಡಲು ಮೊದಲು ದಿನಗಟ್ಟಲೆ ಹಿಡಿಯುತ್ತಿತ್ತು. ಎಲ್ಲವನ್ನೂ ಸ್ಥಳಕ್ಕೇ ಹೋಗಿ ನೋಡಬೇಕಿಲ್ಲ, ಅಪಾಯ ಹೆಚ್ಚಿರುವ ಕಡೆ ಗಮನ ಕೊಡಿ ಎಂದು ಅಮೆರಿಕದ ಎಫ್‌ಡಿಎ 2013ರಲ್ಲೇ ಹೇಳಿತು. ಈಗಂತೂ ಹೊಂದದ ಅಂಕಿಯನ್ನು ಸಾಫ್ಟ್‌ವೇರೇ ಹುಡುಕಿ ತೋರಿಸುತ್ತದೆ.

ಆದರೆ ನಮಗೆ ಇದು ಬರೀ ಗೆಳೆಯರ ಸಂಬಳದ ಪ್ರಶ್ನೆಯಲ್ಲ. ಆ ಪರೀಕ್ಷೆಗಳಲ್ಲಿ ನಮ್ಮಂಥ ಊರಿನವರೂ ಇರುತ್ತಾರೆ. ಓದು ಬಾರದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ, ಪರೀಕ್ಷೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು ಸಹಿ ಹಾಕಬೇಕು. ಸಹಿ ಇದೆಯೇ ಎಂದು ಯಂತ್ರ ಹೇಳಬಲ್ಲದು. ಸಾಕ್ಷಿ ನಿಜಕ್ಕೂ ಅಲ್ಲಿದ್ದರೇ? ರೋಗಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರೇ? ಅದು ಆಸ್ಪತ್ರೆಗೆ ಹೋಗಿ, ನರ್ಸಮ್ಮನ ಜೊತೆ ಕೂತು ವಿಚಾರಿಸಿದವರಿಗೇ ಗೊತ್ತಾಗುವುದು.

ಫಾರ್ಮಸಿ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ತಾಳೆ ನೋಡುವ ಕೆಲಸವನ್ನೇ ನಂಬಿ ಕೂರಬೇಡಿ. ವಿಚಾರಿಸುವುದನ್ನು ಕಲಿಯಿರಿ. ನಿಮ್ಮ ಮನೆಯವರಿಗೆ ಇಂಥ ಪತ್ರ ಕೊಟ್ಟರೆ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಅದು ಅವರ ಹಕ್ಕು.