ಛೆಟ್ರಿನ ಕೂರಿಸ್ಬೇಕಾ?

2023ರ ಡಿಸೆಂಬರ್ 8. ಕಂಠೀರವದಲ್ಲಿ ಮುಂಬೈ ಸಿಟಿ ನಮ್ಮ ಬೆಂಗಳೂರು ಎಫ್‌ಸಿಗೆ ನಾಲ್ಕು ಗೋಲು ಹೊಡೀತು. ನಮ್ಮದು ದೊಡ್ಡ ಸೊನ್ನೆ. ಅದರ ಬೆನ್ನಲ್ಲೇ ಕೋಚ್ ಗ್ರೇಸನ್‌ಗೂ ಟಾಟಾ ಹೇಳಿದ್ರು, ಆ ಮಾತು ಬಿಡಿ. ನಂಗೂ ಚಿಕ್ಕಪ್ಪಂಗೂ ಜಗಳ ಆಗಿದ್ದು ಛೆಟ್ರಿ ಬಗ್ಗೆ.

ಕಬ್ಬನ್ ಪಾರ್ಕ್ ಮೆಟ್ರೋ ಕಡೆ ನಡೀತಾ ನಾನಂದೆ, "ಮೂವತ್ತೊಂಬತ್ತಾಯ್ತು ಚಿಕ್ಕಪ್ಪಾ. ಹುಡುಗರನ್ನ ಆಡಿಸಿ, ಇವರನ್ನ ಕೊನೇ ಅರ್ಧ ಗಂಟೆಗೆ ಇಳಿಸ್ಲಿ. ಮಾರ್ಚ್‌ನ ಸೆಮಿಫೈನಲ್ಲಲ್ಲಿ ಬದಲಿಯಾಗಿ ಬಂದೇ ಗೋಲು ಹೊಡೀಲಿಲ್ವಾ?"

"ಹಿಂದಿಂದ ಬಾಲೇ ಬರ್ದಿದ್ರೆ ಯಾರು ನಿಂತು ಏನು ಹೊಡೀತಾರೋ?"

ಅದೂ ಸರೀನೇ. ಆದ್ರೆ ನಾನು ಬಿಡಬೇಕಲ್ಲ! ಫಾರ್ಮು, ಸ್ಪೀಡು ಅಂತ ಕೊರೀತಾನೇ ಇದ್ದೆ. ಅವರು ನಿಂತ್ಬಿಟ್ರು. "ವಯಸ್ಸಾಯ್ತು ಅಂತ ಯಾರನ್ನ ಬೇಕಾದ್ರೂ ಕೂರಿಸ್ಬಿಡ್ತೀರಲ್ಲೋ ನೀವು."

ಹಿಂದಿನ ವಾರವಷ್ಟೇ ಅವರ ಸ್ಕೂಟರ್ ಕೀ ತೆಗೆದಿಟ್ಟಿದ್ವಿ. ತೆಗೆದಿಟ್ಟವನು ನಾನೇ.

ಮೂರು ವಾರ ಮಾತಿಲ್ಲ. ಆ ಸೀಸನ್ನಲ್ಲಿ ಹನ್ನೆರಡು ತಂಡದಲ್ಲಿ ನಾವು ಹತ್ತನೇ ಜಾಗ.

2024ರ ಡಿಸೆಂಬರ್ 7, ಅದೇ ಕಂಠೀರವ. ಕೇರಳದ ಮೇಲೆ ನಲವತ್ತರ ಛೆಟ್ರಿ ಹ್ಯಾಟ್ರಿಕ್ ಹೊಡೆದ್ರು, 4-2. ಇಡೀ ವೆಸ್ಟ್ ಬ್ಲಾಕ್ ಕುಣೀತಿದ್ರೆ ಚಿಕ್ಕಪ್ಪ ನನ್ನ ಮುಂದೆ ಕೈ ಚಾಚಿ, "ಕೀ ಎಲ್ಲೋ?" ಅಂದ್ರು.

ಕೊಡಲಿಲ್ಲ. ರಾತ್ರಿ ಎದುರಿನ ಲೈಟ್ ಬಿದ್ರೆ ಅವರಿಗೆ ಏನೂ ಕಾಣಲ್ಲ. ಮ್ಯಾಚಿಗೆ ಮಾತ್ರ ನಾನೇ ಕರ್ಕೊಂಡು ಹೋಗ್ತೀನಿ, ಹಿಂದೆ ಕೂತು ದಾರಿಯುದ್ದಕ್ಕೂ ಟೀಮ್ ಅವರೇ ಸೆಲೆಕ್ಟ್ ಮಾಡ್ತಾರೆ.