ನಾಗಬಂಧದ ಪೆಟ್ಟಿಗೆ



ನಿವೃತ್ತಿಯ ನಂತರ ಹೇಗೆ ಕಾಲ ಕಳೆಯುತ್ತೀರಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಉಳಿ, ಕೊಡತಿ, ಒಂದು ಹಲಗೆ. ಸೀಮೆಸುಣ್ಣ ಹಿಡಿದ ಕೈಗೆ ಉಳಿ ಬೇಗನೆ ಒಗ್ಗಲಿಲ್ಲ. ಮೊದಲು ಮಾಡಿದ ಮಣೆ ಹಸಿ ಬೇವಿನದಾದ್ದರಿಂದ ಬೇಸಿಗೆಯಲ್ಲಿ ಸೊಟ್ಟಗಾಯಿತು. ಎರಡನೆಯದರಲ್ಲಿ, ಮರದ ಗಂಟಿನ ಬಳಿ ಎಳೆಗಳು ದಿಕ್ಕು ಬದಲಿಸುವುದನ್ನು ಗಮನಿಸದೆ ಉಳಿ ಬಡಿದು ಅಂಚನ್ನೇ ಕಳೆದುಕೊಂಡೆ. ಇವೆರಡನ್ನೂ ನಗುತ್ತಾ ಹೇಳಬಲ್ಲೆ. ಮೂರನೆಯದನ್ನು ಹಾಗೆ ಹೇಳಲಾರೆ.

ನಮ್ಮ ಸೀಮೆಯ ನಾಗರಕಟ್ಟೆಗಳಲ್ಲಿ ಜೋಡಿ ಹಾವುಗಳು ಹೆಣೆದುಕೊಂಡ ಕಲ್ಲುಗಳಿಗೆ ಪಂಚಮಿಯಂದು ಹಾಲೆರೆದವರು ನಿಮ್ಮಲ್ಲಿ ಅನೇಕರು. ಆ ನಾಗಬಂಧವನ್ನು ಸಾಗವಾನಿ ಪೆಟ್ಟಿಗೆಯ ಮುಚ್ಚಳದ ಮೇಲೆ, ತುದಿ ಮೊದಲಿಲ್ಲದ ಒಂದೇ ಹಗ್ಗದ ಗಂಟಿನಂತೆ ಕೆತ್ತಲು ಮನಸ್ಸಾಯಿತು. ಇದರಲ್ಲೊಂದು ಸೊಗಸಾದ ಗಣಿತವಿದೆ. ಹಗ್ಗವು ಒಂದು ಸಂಧಿಯಲ್ಲಿ ಮೇಲೆ ಹಾದರೆ ಮುಂದಿನದರಲ್ಲಿ ಕೆಳಗೆ ಹಾಯಬೇಕು. ಹೀಗೆ ಸಾಗಿ ಅದೇ ಸಂಧಿಗೆ ಮರಳುವಷ್ಟರಲ್ಲಿ, ನಡುವೆ ದಾಟಿದ ಸಂಧಿಗಳ ಎಣಿಕೆ ಯಾವಾಗಲೂ ಸಮಸಂಖ್ಯೆಯೇ ಆಗಿರುತ್ತದೆ. ಆದ್ದರಿಂದ ಮೊದಲ ಸಲ ಮೇಲೆ ಹೋದದ್ದು ಎರಡನೆಯ ಸಲ ತಾನಾಗಿ ಕೆಳಗೆ ಬರುತ್ತದೆ. ಹೆಣಿಗೆ ಎಂದಿಗೂ ತಪ್ಪದು, ತಪ್ಪುವವನು ಕೆತ್ತುವವನು.

ಒಂದು ಮಧ್ಯಾಹ್ನ ಊಟ ಮಾಡಿ ಬಂದು, ಗೆರೆಯನ್ನು ಮತ್ತೊಮ್ಮೆ ಪರೀಕ್ಷಿಸದೆ ಕುಳಿತೆ. ಸಂಜೆ ನೋಡಿದರೆ ಹಗ್ಗವು ಸತತವಾಗಿ ಮೂರು ಸಂಧಿಗಳಲ್ಲಿ ಮೇಲೆಯೇ ಹಾದಿತ್ತು! ನಡುವಿನ ಸಂಧಿಯಲ್ಲಿ ಉಳಿಯಬೇಕಾಗಿದ್ದ ಮರವನ್ನು ಕೆತ್ತಿಹಾಕಿದ್ದೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ, ಕ್ರಿ.ಶ. 1112ರ ಮಹಾದೇವ ದೇವಾಲಯದ ಬಳ್ಳಿಗಳನ್ನು ಬಿಡಿಸಿದ ಶಿಲ್ಪಿಗಳಿಗೂ ಇದೇ ಕಟ್ಟಳೆ: ತೆಗೆದದ್ದನ್ನು ಮರಳಿ ಇಡಲಾಗದು.

ಆಗ ನನಗೆ ಕಿನ್ನಾಳದ ಚಿತ್ರಗಾರರು ನೆನಪಾದರು. ಅವರು ಹಗುರ ಮರದ ಬೊಂಬೆಗಳಿಗೆ ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿನಾರು ಬೆರೆಸಿದ ‘ಕಿಟ್ಟ’ವನ್ನು ಬಳಿಯುತ್ತಾರೆ. ನಾನೂ ಹುಣಸೆಬೀಜ ಅರೆದು, ಹೊಟ್ಟು ಕಲಸಿ, ಆ ಸಂಧಿಯನ್ನು ತುಂಬಿ ಬಣ್ಣ ಹಚ್ಚಿದೆ. ನೋಡಿದವರು ಮೆಚ್ಚಿದರು. ಬೇಸಿಗೆಯಲ್ಲಿ ತೇಪೆ ಒಣಗಿ, ಬಿರಿದು, ಉದುರಿತು. ಕಿನ್ನಾಳದವರಿಗೆ ಕಿಟ್ಟವು ಕೆಲಸದ ಒಂದು ಪದರ. ಅದರ ಮೇಲೆ ಬಟ್ಟೆ, ಕಲ್ಲುಪುಡಿಯ ಲೇಪ, ಬಣ್ಣ ಎಲ್ಲಕ್ಕೂ ಕ್ರಮವಿದೆ. ನನಗೆ ಅದು ಮರೆಮಾಚುವ ಉಪಾಯವಾಗಿತ್ತು.

ಉದುರಿದ ಆ ತೇಪೆ ಹಳೆಯದೊಂದನ್ನು ಹೊರಗೆಳೆಯಿತು. 1989ರ ಸುಮಾರು, ನಮ್ಮದು ಆಗಿನ್ನೂ ರಾಯಚೂರು ಜಿಲ್ಲೆ. ಕುಷ್ಟಗಿ ಸೀಮೆಯ ಶಾಲೆಯೊಂದರ ಹತ್ತನೆಯ ತರಗತಿಯಲ್ಲಿ ವರ್ಗಸಮೀಕರಣ ಬಿಡಿಸಲು ಹೇಳಿದ್ದೆ. ಎಲ್ಲರ ಉತ್ತರ 2 ಮತ್ತು 3. ಹಿಂದಿನ ಸಾಲಿನ ಹುಡುಗನೊಬ್ಬನದು ಮಾತ್ರ ಋಣ 2, ಋಣ 3. ‘ಚಿಹ್ನೆ ಕೂಡ ಬರುವುದಿಲ್ಲವೇ?’ ಎಂದು ಬೆತ್ತದಿಂದ ಎರಡು ಏಟು ಕೊಟ್ಟೆ. ಅವನು ಮಾತಾಡಲಿಲ್ಲ. ಮಕ್ಕಳೆಲ್ಲ ಆಟಕ್ಕೆ ಹೋದ ಮೇಲೆ ಕರಿಹಲಗೆ ಒರೆಸಲು ತಿರುಗಿದೆ. 5 ಎಕ್ಸ್‌ನ ಹಿಂದೆ ಕಳೆಯುವ ಚಿಹ್ನೆಯಿರಬೇಕಾದಲ್ಲಿ ಕೂಡಿಸುವ ಚಿಹ್ನೆ, ಬರೆದವನು ನಾನೇ. ಉಳಿದವರು ಪಠ್ಯಪುಸ್ತಕ ನೋಡಿ ಬಿಡಿಸಿದ್ದರು. ಅವನ ಬಳಿ ಪುಸ್ತಕವಿರಲಿಲ್ಲ. ಹಲಗೆಯನ್ನು ನೋಡಿಕೊಂಡು ಸರಿಯಾಗಿಯೇ ಬಿಡಿಸಿದ್ದ.

ನಾನು ಹಲಗೆ ಒರೆಸಿದೆ. ಮರುದಿನವೂ ಹೇಳಲಿಲ್ಲ, ವರ್ಷದ ಕೊನೆಗೂ ಹೇಳಲಿಲ್ಲ. ಶಿಕ್ಷಕನ ಗೌರವ ಕುಂದೀತೆಂಬ ಅಂಜಿಕೆ. ‘ತಪ್ಪಾದರೆ ಒಪ್ಪಿಕೊಳ್ಳಿ’ ಎಂದು ನಿಮಗೆಲ್ಲ ಎಷ್ಟು ಸಲ ಹೇಳಿದ್ದೇನೆಂಬುದು ನಿಮಗೇ ಗೊತ್ತು.

ಪೆಟ್ಟಿಗೆಗೆ ಮತ್ತೆ ತೇಪೆ ಹಾಕಿಲ್ಲ. ಮುಚ್ಚಳದ ಮೇಲೆ ತಪ್ಪಿದ ಸಂಧಿ ಎದ್ದು ಕಾಣುವಂತೆಯೇ ಇದೆ. ಮನೆಗೆ ಬಂದವರು ಕೇಳಿದರೆ ತೋರಿಸುತ್ತೇನೆ. ಈಗ ಹೊಸ ಹಲಗೆಯಲ್ಲಿ, ಪ್ರತಿ ಸಂಧಿಗೂ ಪೆನ್ಸಿಲ್‌ನಿಂದ ಮೇಲೆ, ಕೆಳಗೆ ಎಂದು ಗುರುತು ಹಾಕಿಕೊಂಡು ಇನ್ನೊಂದು ಗಂಟು ಆರಂಭಿಸಿದ್ದೇನೆ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನು ಇದನ್ನು ಓದುತ್ತಿದ್ದರೆ: ತಮ್ಮಾ, ಅಂದು ನಿನ್ನ ಲೆಕ್ಕ ಸರಿಯಾಗಿತ್ತು, ತಪ್ಪು ನನ್ನದು. ಅವನ ಜೊತೆ ಓದಿದವರು ಓದುತ್ತಿದ್ದರೆ, ದಯವಿಟ್ಟು ಅವನಿಗೆ ಈ ಮಾತನ್ನು ಮುಟ್ಟಿಸಿರಿ.