ಎಡಿನ್‌ಬರ್ಗ್ ಬೀದಿಯಲ್ಲಿ ಬಟ್ಲರ್ ವೇಷ

ಯಾರಾದ್ರೂ ತಡವರಿಸ್ತಾ ಇಂಗ್ಲಿಷ್ ಮಾತಾಡಿದ್ರೆ ‘ಅವನದ್ದು ಬಟ್ಲರ್ ಇಂಗ್ಲಿಷ್’ ಅಂತ ನಗೋದು ನಮ್ಮಲ್ಲಿ ಹಳೇ ರೂಢಿ. ಕನ್ನಡ ಮೀಡಿಯಂನಿಂದ ಬಂದು ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸೆಮಿನಾರ್ ಕೊಟ್ಟವರಿಗೆಲ್ಲ ಈ ಮಾತು ಒಮ್ಮೆಯಾದ್ರೂ ಕಿವಿಗೆ ಬಿದ್ದಿರುತ್ತೆ. ಈ ಇಂಗ್ಲಿಷ್ ಹುಟ್ಟಿದ್ದು ಮದ್ರಾಸ್ ಪ್ರೆಸಿಡೆನ್ಸಿಯ ಬ್ರಿಟಿಷರ ಬಂಗಲೆಗಳಲ್ಲಿ. ದೊರೆಗಳ ಮನೆಯಲ್ಲಿ ಬಡಿಸೋದು, ಸಾಮಾನು ತರೋದು, ಉಳಿದ ಆಳುಗಳನ್ನು ನೋಡಿಕೊಳ್ಳೋದು ಮಾಡ್ತಿದ್ದ ನಮ್ಮ ಜನ, ಬರೀ ಕೇಳಿಸಿಕೊಂಡು ಕಲಿತ ಭಾಷೆ ಅದು. ವ್ಯಾಕರಣ ಕೆಟ್ಟಿರಬಹುದು, ಆದರೆ ಮನೆ ನಡೀತಿತ್ತು.

ಆ ಬಟ್ಲರ್‌ನ ವೇಷ ಹಾಕಿಕೊಂಡು, ಬ್ರಿಟಿಷರದೇ ಊರಲ್ಲಿ, ಎರಡು ವಾರ ಟ್ರೇ ಹಿಡಿದು ಓಡಾಡಿದವನು ನಾನು. ವೃತ್ತಿಯಿಂದ ಸಾಫ್ಟ್‌ವೇರ್ ಇಂಜಿನಿಯರ್. ಜಾಗ: ಸ್ಕಾಟ್ಲೆಂಡಿನ ಎಡಿನ್‌ಬರ್ಗ್ (ಅಲ್ಲಿನವರ ಬಾಯಲ್ಲಿ ಅದು ‘ಎಡಿನ್‌ಬರಾ’). ಸಂದರ್ಭ: 2022ರ ಆಗಸ್ಟ್‌ನ ಫ್ರಿಂಜ್ ಉತ್ಸವ.

ಕರೆಯದೇ ಬಂದವರ ಜಾತ್ರೆ

ಎರಡನೇ ಮಹಾಯುದ್ಧ ಮುಗಿದು ಎರಡು ವರ್ಷಕ್ಕೆ, 1947ರಲ್ಲಿ, ಎಡಿನ್‌ಬರ್ಗ್‌ನಲ್ಲಿ ಅಂತಾರಾಷ್ಟ್ರೀಯ ಕಲಾ ಉತ್ಸವ ಶುರುವಾಯ್ತು. ದೊಡ್ಡ ದೊಡ್ಡ ಕಲಾವಿದರಿಗೆ ಆಹ್ವಾನ ಹೋಗಿತ್ತು. ಅದರ ನಡುವೆ 8 ನಾಟಕ ತಂಡಗಳು ಆಹ್ವಾನ ಇಲ್ಲದೆಯೇ ಬಂದು, ಸಿಕ್ಕ ಜಾಗದಲ್ಲಿ ನಾಟಕ ಆಡಿದವು. ಮರುವರ್ಷ ರಾಬರ್ಟ್ ಕೆಂಪ್ ಎಂಬ ನಾಟಕಕಾರರು ಇಂಥ ಪ್ರದರ್ಶನಗಳ ಬಗ್ಗೆ ಬರೀತಾ, ಉತ್ಸವದ ‘ಫ್ರಿಂಜ್’, ಅಂದ್ರೆ ಅಂಚು, ಅನ್ನೋ ಪದ ಬಳಸಿದರು. ಹೆಸರು ಅಂಟಿಕೊಂಡಿತು. ಈಗ ಆ ಅಂಚೇ ಸೀರೆಗಿಂತ ದೊಡ್ಡದಾಗಿದೆ. ನಾನು ಹೋದದ್ದು 75ನೇ ವರ್ಷದ ಫ್ರಿಂಜ್‌ಗೆ. 3,000ಕ್ಕೂ ಹೆಚ್ಚು ಪ್ರದರ್ಶನಗಳು, ಸುಮಾರು 22 ಲಕ್ಷ ಟಿಕೆಟ್‌ಗಳು. ಊರಿನ ಜನಸಂಖ್ಯೆ ಐದು ಲಕ್ಷದ ಆಸುಪಾಸು ಅಷ್ಟೇ!

ಇಲ್ಲಿ ಆಯ್ಕೆ ಸಮಿತಿ ಇಲ್ಲ. ಶುಲ್ಕ ಕಟ್ಟಿ, ಒಂದು ಜಾಗ ಹುಡುಕಿಕೊಂಡರೆ ಯಾರು ಬೇಕಾದ್ರೂ ಆಡಬಹುದು. ಚರ್ಚಿನ ಹಾಲ್, ಕಾಲೇಜಿನ ಕ್ಲಾಸ್‌ರೂಮ್, ಪಬ್ಬಿನ ನೆಲಮಾಳಿಗೆ, ಎಲ್ಲವೂ ಆಗಸ್ಟ್‌ನಲ್ಲಿ ರಂಗಮಂದಿರ. ಹಾಗಾಗಿ ಕಷ್ಟ ಇರೋದು ನಾಟಕ ಆಡೋದ್ರಲ್ಲಲ್ಲ, ನೋಡೋಕೆ ಜನ ತರೋದ್ರಲ್ಲಿ.

ನನ್ನ ಆಫೀಸಿನ ಟೆಸ್ಟಿಂಗ್ ಟೀಮಿನ ಒಬ್ಬಳು ಹವ್ಯಾಸಿ ತಂಡವೊಂದರಲ್ಲಿದ್ದಳು. ಅವರ ನಾಟಕ ಮಧ್ಯಾಹ್ನ ನಾಲ್ಕಕ್ಕೆ, ಒಂದು ಪಬ್ಬಿನ ಕೆಳಗಿನ 50 ಸೀಟಿನ ಕೋಣೆಯಲ್ಲಿ. ಜನ ಸೇರಿಸೋಕೆ ಎಲ್ಲರೂ ಮಾಡೋ ಹಾಗೆ ರಾಯಲ್ ಮೈಲ್ ರಸ್ತೆಯಲ್ಲಿ ಪಾಂಪ್ಲೆಟ್ ಹಂಚಬೇಕು. ಆದರೆ ಅಲ್ಲಿ ನೂರು ಹೆಜ್ಜೆ ನಡೆದರೆ ಹತ್ತು ಜನ ಪಾಂಪ್ಲೆಟ್ ಚಾಚ್ತಾರೆ. ಜನ ಕೈಯನ್ನ ಜೇಬಿಂದ ತೆಗೆಯೋದೇ ಇಲ್ಲ. ಅದಕ್ಕೆ ಅವಳು ಹೂಡಿದ ಉಪಾಯವೇ ಬಟ್ಲರ್‌ಗಳು. ಪಾಂಪ್ಲೆಟನ್ನು ಬೆಳ್ಳಿ ಬಣ್ಣದ ಟ್ರೇಯಲ್ಲಿಟ್ಟು, ಮೇಲೆ ಗುಮ್ಮಟದಂಥ ಮುಚ್ಚಳ ಮುಚ್ಚಿ, ತಲೆಬಾಗಿ ಮುಂದೆ ಹಿಡಿಯೋದು. ಮುಚ್ಚಳದ ಅಡಿ ಏನಿದೆ ಅಂತ ನೋಡದೆ ಮುಂದೆ ಹೋಗೋ ಮನುಷ್ಯ ಭೂಮಿ ಮೇಲೆ ಕಡಿಮೆ.

ಮೂವರು ಬಟ್ಲರ್‌ಗಳು ಬೇಕಿತ್ತು. ಇಬ್ಬರು ಸ್ಕಾಟಿಷ್ ಹುಡುಗರು ಸಿಕ್ಕಿದ್ದರು. ಮೂರನೆಯವನು ನಾನು. ನಾನು ಕೆಲಸದ ವೀಸಾದ ಮೇಲಿದ್ದವನು, ಹಾಗಾಗಿ ದುಡ್ಡಿನ ಮಾತಿಲ್ಲ, ಬರೀ ಹವ್ಯಾಸ.

ಯಾರು ಆಳು, ಯಾರು ಯಜಮಾನ?

ಮೊದಲ ರಿಹರ್ಸಲ್‌ನಲ್ಲೇ ಅವಳು ನೇರವಾಗಿ ಕೇಳಿದಳು: “ಇಂಡಿಯಾದವನೊಬ್ಬ ಬಿಳಿಯರ ಮುಂದೆ ಟ್ರೇ ಹಿಡಿದು ನಿಂತರೆ ಜನಕ್ಕೆ ಹಳೇ ಸಾಮ್ರಾಜ್ಯ ನೆನಪಾಗಬಹುದು. ನಿನಗೆ ಬೇಜಾರಾದ್ರೆ ನೀನು ಲಾರ್ಡ್ ಪಾತ್ರ ಮಾಡು.”

ಲಾರ್ಡ್ ಆಗೋದು ಸುಲಭವಿತ್ತು. ಆದರೆ ನಗೆ ಇರೋದು ಆಳಿನ ಹತ್ತಿರ ಅಲ್ವಾ? ಇಟಲಿಯ ಹಳೇ ಬೀದಿ ನಾಟಕಗಳಿಂದ ಹಿಡಿದು ನಮ್ಮ ಯಕ್ಷಗಾನದವರೆಗೂ ಅದೇ ಕಥೆ. ಗೊಲ್ಡೋನಿ ಎಂಬ ಇಟಲಿಯ ನಾಟಕಕಾರ 18ನೇ ಶತಮಾನದಲ್ಲಿ ಬರೆದ, ಇಬ್ಬರು ಯಜಮಾನರಿಗೆ ಒಬ್ಬನೇ ಆಳು ಇರೋ ನಾಟಕ ಇವತ್ತಿಗೂ ಓಡ್ತಿದೆ. ವುಡ್‌ಹೌಸ್ 1915ರಲ್ಲಿ ಶುರು ಮಾಡಿದ ಜೀವ್ಸ್ ಕಥೆಗಳಲ್ಲಿ ಬುದ್ಧಿ ಇರೋದು ಜೀವ್ಸ್‌ಗೆ, ಅವನ ಯಜಮಾನನಿಗಲ್ಲ. ನಮ್ಮ ಮೇಳದಲ್ಲಿ ದೂತ, ಆಳು, ಬಾಗಿಲು ಕಾಯೋನು ಬಂದ ಅಂದ್ರೆ ಮಲಗಿದ್ದ ಮಕ್ಕಳೂ ಎದ್ದು ಕೂರ್ತಾರೆ. ಆ ವೇಷ ಹಾಸ್ಯಗಾರರದ್ದು.

ಹಾಗಾಗಿ ನಾನು ಬಟ್ಲರೇ ಆದೆ, ಆದರೆ ಒಂದು ಬದಲಾವಣೆ ಮಾಡಿಕೊಂಡೆವು. ನಾನು ಹಿರಿಯ ಬಟ್ಲರ್. ಆ ಇಬ್ಬರು ಸ್ಕಾಟಿಷ್ ಹುಡುಗರು ನನ್ನ ಕೈಕೆಳಗಿನವರು. ನಾನು ಅವರ ಶೂ ಪರೀಕ್ಷಿಸೋದು, ಗ್ಲೌಸ್‌ನ ಬೆರಳು ಎಣಿಸೋದು, ಹುಬ್ಬೇರಿಸೋದು. ಅವರು ನಡುಗೋದು. ಹಳೇ ಚಿತ್ರ ತಲೆಕೆಳಗಾಯ್ತು. ಜನ ನಗೋಕೆ ಎರಡು ಸೆಕೆಂಡ್ ಸಾಕಾಯ್ತು.

ಬಟ್ಲರ್ ನಗಬಾರದು

ರಾಯಲ್ ಮೈಲ್ ಅಂದ್ರೆ ಬೆಟ್ಟದ ಮೇಲಿನ ಕೋಟೆಯಿಂದ ಕೆಳಗೆ ಹಾಲಿರೂಡ್ ಅರಮನೆಯವರೆಗೆ ಇಳಿಯೋ ಕಲ್ಲುಹಾಸಿನ ರಸ್ತೆ, ಸುಮಾರು 1.8 ಕಿ.ಮೀ. ಎರಡೂ ಬದಿ ‘ಕ್ಲೋಸ್’ ಅಂತ ಕರೆಯೋ ಇಕ್ಕಟ್ಟಿನ ಓಣಿಗಳು. ಉತ್ಸವದಲ್ಲಿ ಇದರ ಒಂದು ಭಾಗಕ್ಕೆ ವಾಹನ ಬಿಡೋದಿಲ್ಲ. ಒಂದು ಕಡೆ ಬೆಂಕಿ ಎಸೆದು ಹಿಡಿಯೋನು, ಇನ್ನೊಂದು ಕಡೆ ಏಣಿ ಮೇಲೆ ನಿಂತು ಕತ್ತಿ ತಿರುಗಿಸೋಳು. ಅವರು ಜನರನ್ನು ವೃತ್ತವಾಗಿ ನಿಲ್ಲಿಸಿ, ಕೊನೆಗೆ ಹ್ಯಾಟ್ ಹಿಡೀತಾರೆ. ನಮ್ಮದು ಹಾಗಲ್ಲ, ಜನರ ನಡುವೆಯೇ ಓಡಾಡೋ ಆಟ. ಶುರು ಇಲ್ಲ, ಕೊನೆ ಇಲ್ಲ.

ಕಲಿಸಿದ ನಿಯಮಗಳು ನಾಲ್ಕೇ. ಒಂದು, ಬಟ್ಲರ್ ಎಂದೂ ನಗಬಾರದು. ಎರಡು, ನಿನ್ನನ್ನು ನೋಡಿದವರ ಹತ್ತಿರ ಮಾತ್ರ ಹೋಗು. ಕಣ್ಣು ತಪ್ಪಿಸಿದವರನ್ನ ಬಿಟ್ಟುಬಿಡು. ಮೂರು, ನಗೆಪಾಟಲು ಆಗಬೇಕಾದದ್ದು ನಿನ್ನ ಗಾಂಭೀರ್ಯ, ಎದುರಿನವರಲ್ಲ. ನಾಲ್ಕು, ಒಂದು ನಿಮಿಷದೊಳಗೆ ತಲೆಬಾಗಿ ಹೊರಡು.

ಇಷ್ಟರಲ್ಲೇ ಎಷ್ಟೆಲ್ಲ ಮಾಡಬಹುದು ಗೊತ್ತಾ? ಮಳೆ ಬಂದಾಗ ಯಜಮಾನರನ್ನು ಬಿಟ್ಟು ಅವರ ನಾಯಿಗೆ ಕೊಡೆ ಹಿಡಿಯೋದು. ಎರಡು ಅಡಿ ಉದ್ದದ ರೆಡ್ ಕಾರ್ಪೆಟ್ ಹಾಸಿ, ಅವರು ದಾಟಿದ ಕೂಡಲೇ ಸುತ್ತಿ, ಓಡಿಹೋಗಿ ಮತ್ತೆ ಮುಂದೆ ಹಾಸೋದು. ರಸ್ತೆಯಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ಅವರ ಪ್ರತಿಮೆ ಇದೆ. ಅದೃಷ್ಟ ಬರುತ್ತೆ ಅಂತ ಜನ ಉಜ್ಜಿ ಉಜ್ಜಿ ಅದರ ಕಾಲ್ಬೆರಳು ಬಂಗಾರದ ಹಾಗೆ ಹೊಳೀತಿದೆ. ಮೂಢನಂಬಿಕೆ ವಿರುದ್ಧ ಬರೆದ ಮನುಷ್ಯನಿಗೆ ಈ ಗತಿ! ನಾವು ದಿನಾ ಹೋಗಿ ಉಳಿದ ಬೆರಳುಗಳಿಗೂ ಪಾಲಿಶ್ ಹಾಕ್ತಿದ್ದೆವು, ತಾರತಮ್ಯ ಬೇಡ ಅಂತ.

ಕೋಟೆಯಿಂದ ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ತೋಪು ಹಾರಿಸ್ತಾರೆ. 1861ರಿಂದ ಬಂದ ಪದ್ಧತಿ, ಹಡಗಿನವರು ಗಡಿಯಾರ ಸರಿ ಮಾಡಿಕೊಳ್ಳಲಿ ಅಂತ. ನಾನು ಜೇಬಿನ ಗಡಿಯಾರ ನೋಡಿ ಬೆರಳೆತ್ತುತ್ತಿದ್ದೆ. ಢಂ! ಟೂರಿಸ್ಟ್‌ಗಳು ಬೆಚ್ಚಿಬಿದ್ದು ತಿರುಗಿದ್ರೆ, ಮೂವರೂ ತಲೆಬಾಗಿ: “ಊಟ ಸಿದ್ಧವಾಗಿದೆ.” ಮುಚ್ಚಳ ತೆಗೆದರೆ ಪಾಂಪ್ಲೆಟ್.

ಒಮ್ಮೆ ಯಾರೋ ಮೆನು ಕೇಳಿದರು. ನಾನು ಗಂಭೀರವಾಗಿ, ನಮ್ಮ ಉಡುಪಿ ಹೋಟೆಲಿನ ಮಾಣಿಯ ಹಾಗೆ ಒಂದೇ ಉಸಿರಲ್ಲಿ ಹೇಳಿದೆ: “ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತ್, ಖಾರಾಬಾತ್, ಬನ್ಸ್, ಗೋಳಿಬಜೆ, ಮಸಾಲೆ, ಸಾದಾ, ಸೆಟ್ ದೋಸೆ.” ಜನ ಫ್ರೆಂಚ್ ಅಂದುಕೊಂಡರೋ ಏನೋ, ಚಪ್ಪಾಳೆ ತಟ್ಟಿದರು. ಹಿಂದಿನಿಂದ ಒಬ್ಬ ಹಿರಿಯರ ದನಿ: “ಒಂದು ಬೈ ಟು ಕಾಫಿ ಕೊಡಪ್ಪಾ.” ಮಗಳ ಮನೆಗೆ ಬಂದಿದ್ದ ದಾವಣಗೆರೆಯವರು. ಆ ಹೊತ್ತು ಮೊದಲ ನಿಯಮ ಪಾಲಿಸೋಕೆ ನಾನು ಪಟ್ಟ ಕಷ್ಟ ನನಗೇ ಗೊತ್ತು.

ಎಲ್ಲರೂ ಹಾಗಿರೋದಿಲ್ಲ. ಕುಡಿದಿದ್ದ ಒಬ್ಬ ಚಿಟಿಕೆ ಹೊಡೆದು “ಬಾಯ್” ಅಂತ ಕರೆದು ಟ್ರೇಗೆ ಒಂದು ನಾಣ್ಯ ಎಸೆದ. ನಾನು ಅದನ್ನು ಕರವಸ್ತ್ರದಲ್ಲಿ ಉಜ್ಜಿ, ಮಡಚಿದ ನ್ಯಾಪ್‌ಕಿನ್ ಮೇಲಿಟ್ಟು ಹಿಂದಿರುಗಿಸಿದೆ: “ಸರ್, ನೀವು ಏನೋ ಬೀಳಿಸಿಕೊಂಡಿರಿ.” ಸುತ್ತಲಿದ್ದವರು ನಕ್ಕದ್ದು ನನ್ನನ್ನು ನೋಡಿ ಅಲ್ಲ. ಆದರೂ ಆ ರಾತ್ರಿ ಆ ಚಿಟಿಕೆಯ ಸದ್ದು ಕಿವಿಯಿಂದ ಹೋಗಲಿಲ್ಲ. ಅದಕ್ಕೆ ಕಾರಣ ಇದೆ.

ಅಪ್ಪಯ್ಯನ ಟ್ರೇ

ನನ್ನ ಅಪ್ಪಯ್ಯ ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಬೆಂಗಳೂರಿಗೆ ಬಂದು, ಒಂದು ಹೋಟೆಲಲ್ಲಿ 26 ವರ್ಷ ಸಪ್ಲೈಯರ್ ಆಗಿದ್ದವರು. ನಾನು ಟ್ರೇ ಹಿಡಿಯೋದು ಬೇಡ ಅಂತಲೇ ನನ್ನ ಓದಿಸಿದ್ದು. ಮನೆ ಗ್ರೂಪಿಗೆ ತಮ್ಮ ನನ್ನ ವಿಡಿಯೋ ಹಾಕಿಬಿಟ್ಟ. ಅರ್ಧ ಗಂಟೆಯಲ್ಲಿ ಅಪ್ಪಯ್ಯನ ಫೋನ್.

“ಟ್ರೇ ಹಿಡೂಕೆ ಅಷ್ಟ್ ದೂರ ಹೋಯ್ಕಿತ್ತಾ?”

ಇದು ನಾಟಕ, ರಜೆ ಹಾಕಿ ಮಾಡ್ತಿರೋದು, ಅಂದೆ. ಅವರು ಏನೂ ಹೇಳದೆ ಇಟ್ಟರು. ಮಾರನೇ ದಿನ ಅವರೇ ವಿಡಿಯೋ ಕಾಲ್ ಮಾಡಿದರು. ಕೈಯಲ್ಲಿ ಅಮ್ಮನ ದೊಡ್ಡ ಸ್ಟೀಲ್ ತಟ್ಟೆ, ಮೇಲೆ ನೀರು ತುಂಬಿದ ಆರು ಲೋಟ. “ನೀನು ಅಂಗೈ ಮೇಲೆ ಇಟ್ಕೊಂಡಿದ್ದೆ. ಹಾಗಲ್ಲ. ಐದು ಬೆರಳ ತುದಿ ಮೇಲೆ ನಿಲ್ಲಬೇಕು. ಭಾರ ಹೆಗಲ ಹತ್ರ. ಟ್ರೇ ನೋಡೂದಲ್ಲ, ಗಿರಾಕಿ ಮುಖ ನೋಡೂದು.” ಅರವತ್ತು ದಾಟಿದ ಮನುಷ್ಯ ಹಾಲ್‌ನಲ್ಲಿ ಮೇಜು ಕುರ್ಚಿ ಸುತ್ತಿ ಬಂದರು, ಒಂದು ಹನಿ ಚೆಲ್ಲಲಿಲ್ಲ. ನಾನು ಹುಟ್ಟಿದ ಮೇಲೆ ಅವರು ಆ ಕೆಲಸ ಮಾಡಿ ತೋರಿಸಿದ್ದು ಅದೇ ಮೊದಲು.

ಆಮೇಲೆ ಒಂದು ಮಾತು ಹೇಳಿದರು. “ನಾವು ಗಿರಾಕಿ ಮುಖ ನೋಡ್ತಿದ್ವು. ಅವ್ರು ಮೆನು ನೋಡ್ತಿದ್ರು.”

ಕೆಲಸದವರು ನಿಂತಾಗ

ಆಗಸ್ಟ್ 18ಕ್ಕೆ ಎಡಿನ್‌ಬರ್ಗ್‌ನ ಪೌರಕಾರ್ಮಿಕರು ಮುಷ್ಕರ ಹೂಡಿದರು. ಬ್ರಿಟನ್ನಿನಲ್ಲಿ ಬೆಲೆ ಏರಿಕೆ ಶೇ. 10 ದಾಟಿತ್ತು, ಸಂಬಳ ಏರಿಕೆಗೆ ಮೊದಲು ಬಂದ ಆಫರ್ ಶೇ. 2. ಉತ್ಸವದ ನಟ್ಟನಡುವೆ 12 ದಿನ ಕಸ ಎತ್ತಲಿಲ್ಲ. ಮೂರನೇ ದಿನಕ್ಕೆ ಕಸದ ಡಬ್ಬಿಗಳ ಸುತ್ತ ಪಿಜ್ಜಾ ಡಬ್ಬ, ಕಾಫಿ ಕಪ್, ಪಾಂಪ್ಲೆಟ್‌ಗಳ ಗುಡ್ಡ. ನಾವು ಹಂಚಿದ್ದೂ ಅದರಲ್ಲಿತ್ತು. ಯುನೆಸ್ಕೋ ಪಟ್ಟಿಯಲ್ಲಿರೋ ಹಳೇ ಪಟ್ಟಣ ಗಬ್ಬು ನಾರ್ತಿತ್ತು.

ಬಿಳಿ ಗ್ಲೌಸ್ ಹಾಕಿದ ಮೂವರು ಬಟ್ಲರ್‌ಗಳನ್ನ ನೋಡಿದ್ರೆ ಜನ ಸುಮ್ನೆ ಬಿಡ್ತಾರಾ? “ಬಟ್ಲರ್, ಇಲ್ಲಿ ಗುಡಿಸೋದು ಮರೆತೆಯಲ್ಲ!” ಮೊದಲ ದಿನ ನಾವು ಮೂಗು ಮುಚ್ಚಿ ನಡೆದದ್ದಕ್ಕೆ ಒಳ್ಳೇ ನಗು ಬಂತು. ಸಂಜೆ ಕೂತು ಮಾತಾಡಿದೆವು. ಒಬ್ಬ ಹುಡುಗನ ಚಿಕ್ಕಪ್ಪ ಕಸದ ಲಾರಿ ಓಡಿಸೋರು, ಅವರೂ ಮುಷ್ಕರದಲ್ಲಿದ್ದರು. ನಗು ಅವರ ಮೇಲೆ ಬೀಳಬಾರದು ಅಂತ ತೀರ್ಮಾನ ಆಯ್ತು. ಮೂರನೇ ನಿಯಮವೇ ಅಲ್ವಾ ಅದು.

ಮಾರನೇ ದಿನದಿಂದ ಯಾರಾದ್ರೂ ಕಸ ತೋರಿಸಿದ್ರೆ ನಾನು ಗುಡ್ಡದ ಮುಂದೆ ನಿಂತು, ಗ್ಲೌಸ್ ನೋಡಿಕೊಂಡು, ಕೆಳಗಿನವರ ಕಡೆ ತಿರುಗಿ ಹೇಳ್ತಿದ್ದೆ: “ಮಹನೀಯರೇ, ಇಷ್ಟು ದಿನ ಈ ಮನೆ ನಡೆಸ್ತಿರೋದು ನಾವೇ ಅಂದುಕೊಂಡಿದ್ದೆವು.” ಮೂವರೂ ಹ್ಯಾಟ್ ತೆಗೀತಿದ್ದೆವು. ನಗು ಬರ್ತಿತ್ತು, ಸ್ವಲ್ಪ ತಡವಾಗಿ. ಕೆಲವರು ನಗದೆ ತಲೆಯಾಡಿಸಿ ಹೋದರು. ಒಬ್ಬಾಕೆ, ತಾನು ಹೋಟೆಲ್ ರೂಮ್ ಕ್ಲೀನ್ ಮಾಡೋಳು ಅಂತ ಹೇಳಿ, ಮುಚ್ಚಳ ತಾನೇ ಎತ್ತಿ ಪಾಂಪ್ಲೆಟ್ ತಗೊಂಡಳು. ನಾಲ್ಕು ಗಂಟೆಗೆ ನಾಟಕಕ್ಕೂ ಬಂದಿದ್ದಳು.

ಅಪ್ಪಯ್ಯನಿಗೆ ಕಸದ ಗುಡ್ಡ ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಸಪ್ಲೈಯರ್ ಬರ್ದಿದ್ರೆ ನಮ್ಮ ಓನರ್ರೇ ಬಡಿಸ್ತಿದ್ರು. ಕ್ಲೀನರ್ ಹುಡುಗ್ರು ಬರ್ದಿದ್ರೆ ಹನ್ನೊಂದಕ್ಕೆ ಶಟರ್ ಎಳೀತಿದ್ರು.”

ನನಗೆ ದಿನಾ ಸಂಜೆ ಐದಕ್ಕೆ ಗ್ಲೌಸ್ ಬಿಚ್ಚಿಡೋ ಸ್ವಾತಂತ್ರ್ಯ ಇತ್ತು, ಸೋಮವಾರಕ್ಕೆ ಲ್ಯಾಪ್‌ಟಾಪ್ ಕಾಯ್ತಿತ್ತು. ವೇಷಕ್ಕೂ ಕೆಲಸಕ್ಕೂ ಇರೋ ವ್ಯತ್ಯಾಸ ಅದೇ. ಆದರೆ ಆ ಎರಡು ವಾರ ಜನ ಟ್ರೇ ಹಿಡಿದವನ ಮುಖ ನೋಡಿದರು, ಕಣ್ಣಲ್ಲಿ ಕಣ್ಣಿಟ್ಟು. 26 ವರ್ಷದಲ್ಲಿ ಅಪ್ಪಯ್ಯನಿಗೆ ಹಾಗೆ ಎಷ್ಟು ಸಲ ಸಿಕ್ಕಿತ್ತೋ.

ಹೋಗೋರಿಗೆ

ಫ್ರಿಂಜ್ ಪ್ರತಿ ಆಗಸ್ಟ್‌ನಲ್ಲಿ, ಮೂರು ವಾರಕ್ಕೂ ಮಿಕ್ಕಿ ನಡೆಯುತ್ತೆ. ರೂಮ್ ಬಾಡಿಗೆ ಆಗ ಗಗನಕ್ಕೆ ಏರುತ್ತೆ; ಗ್ಲಾಸ್ಗೋದಲ್ಲಿ ಉಳಿದರೆ ರೈಲಿನಲ್ಲಿ ಒಂದು ಗಂಟೆಯೊಳಗೆ ಬರಬಹುದು. ಬೇಸಿಗೆ ಅಂತ ಹೆಸರಷ್ಟೇ, ಜಾಕೆಟ್ ಕೊಡೆ ಎರಡೂ ಬೇಕು. ಟಿಕೆಟ್ ಇಲ್ಲದ ಪ್ರದರ್ಶನಗಳೂ ತುಂಬಾ ಇವೆ, ಕೊನೆಯಲ್ಲಿ ಬಕೆಟ್‌ಗೆ ಕೈಲಾದಷ್ಟು ಹಾಕಿದರಾಯ್ತು. ರಾಯಲ್ ಮೈಲ್‌ನಲ್ಲಿ ಪಾಂಪ್ಲೆಟ್ ಚಾಚಿದವರಿಗೆ ಬೇಡ ಅನ್ನೋದಿದ್ರೂ ಮುಖ ನೋಡಿ ಅನ್ನಿ. ಅಷ್ಟು ದೂರ ಹೋಗೋ ಪ್ಲಾನ್ ಇಲ್ವಾ? ನಾಳೆ ಬೆಳಿಗ್ಗೆ ದರ್ಶಿನಿಯಲ್ಲಿ ಟೇಬಲ್ ಒರೆಸೋಕೆ ಒಬ್ಬರು ಬರ್ತಾರೆ. ಫೋನಿಂದ ಒಮ್ಮೆ ತಲೆ ಎತ್ತಿ.